ಮೂರನೆಯ ಮೀನು

ಜೂನ್ 1ಕ್ಕೆ ನಮ್ಮಲ್ಲಿ ಕಡಲು ಮುಚ್ಚುತ್ತದೆ. ಮಲ್ಪೆ, ಗಂಗೊಳ್ಳಿ, ಮಂಗಳೂರಿನ ಬೋಟುಗಳು ಧಕ್ಕೆಗೆ ಬಂದು ಒಂದಕ್ಕೊಂದು ತಾಗಿ ನಿಂತರೆ ಜುಲೈ 31ರ ತನಕ, ಲೆಕ್ಕಕ್ಕೆ 61 ದಿನ, ಅಲ್ಲಾಡುವುದಿಲ್ಲ. ಮೀನು ಮೊಟ್ಟೆಯಿಡುವ ಕಾಲ. ಮೇಲೆ ಮಳೆಗಾಲದ ಕಡಲು. ಸಣ್ಣ ಎಂಜಿನ್ನಿನ ನಾಡದೋಣಿಯವರಷ್ಟೇ ತೂಫಾನು ಎದ್ದು ತಣಿದ ಮೇಲೆ ಕಡಲಿಗಿಳಿಯಲು ಕಾಯುತ್ತ ದಡದಲ್ಲಿರುತ್ತಾರೆ. ಅಮೆರಿಕದ ಟೆಕ್ಸಾಸಿನಲ್ಲಿ ಅದೇ ಜೂನ್ 1ಕ್ಕೆ ಕಡಲು ತೆರೆಯುತ್ತದೆ. ರೆಡ್ ಸ್ನ್ಯಾಪರ್ ಎಂಬ ಕೆಂಪು ಮೀನು, ನಮ್ಮ ಕೆಂಬೇರಿಯ ದಾಯಾದಿ ಅನ್ನಿ, ಅದನ್ನು ಮೆಕ್ಸಿಕೋ ಕೊಲ್ಲಿಯ ಕೇಂದ್ರ ಸರ್ಕಾರದ ನೀರಿನಲ್ಲಿ ಗಾಳ ಹಾಕಿ ಹಿಡಿಯಲು ಹವ್ಯಾಸಿಗಳಿಗೆ ಅವತ್ತಿನಿಂದ ಅನುಮತಿ.

ನನಗೆ ಅರ್ಥವಾಗದ್ದು ಇಲ್ಲಿಂದಲೇ ಶುರು. ಆ ಮೀನೂ ಮೊಟ್ಟೆಯಿಡುವುದು ಬೇಸಗೆಯಲ್ಲೇ. ಜೂನ್‌ನಿಂದ ಆಗಸ್ಟ್ ಅದಕ್ಕೆ ಭರ್ತಿ ಕಾಲ. ನಾವು ಯಾವ ಕಾರಣಕ್ಕೆ ಬಾಗಿಲು ಹಾಕುತ್ತೇವೋ ಅದೇ ಹೊತ್ತಿಗೆ ಅವರು ಬಾಗಿಲು ತೆಗೆಯುತ್ತಾರೆ. ಹ್ಯೂಸ್ಟನ್ನಿನಲ್ಲಿರುವ ಅಣ್ಣನ ಮಗನನ್ನು ಕೇಳಿದೆ. "ಶಾಲೆಗೆ ರಜೆ ಬರೋದೇ ಆಗ, ಚಿಕ್ಕಪ್ಪ. ಕಡಲೂ ಆಗಲೇ ಸಮಾಧಾನಕ್ಕೆ ಬರೋದು. ಇಲ್ಲಿ ಕಾಲಕ್ಕಿಂತ ಲೆಕ್ಕ ಮುಖ್ಯ. ತಲೆಗೆ ಎರಡು ಮೀನು, ಹದಿನಾರು ಇಂಚಿಗೆ ಕಮ್ಮಿ ಇದ್ದರೆ ಅದೂ ಇಲ್ಲ" ಅಂದ.

ಇಡೀ ದಿನಕ್ಕೆ ಎರಡು ಮೀನು! ಅದಕ್ಕೆ ಐವತ್ತು ಮೈಲಿ ಕಡಲೊಳಗೆ ಹೋಗಬೇಕೆ?

*

ನೋಡಿಯೇ ಬಿಡೋಣ ಎಂದು ಅವನಲ್ಲಿಗೆ ಹೋದೆ. ಟೆಕ್ಸಾಸಿನ ಗ್ಯಾಲ್ವೆಸ್ಟನ್ ಬಂದರಿನ ಪಿಯರ್ 19. ಬೆಳಕು ಹರಿಯುವ ಮೊದಲೇ ಜನ ಸಾಲು ನಿಂತಿದ್ದಾರೆ. ಕೈಯಲ್ಲಿ ಚಕ್ರವಿರುವ ದೊಡ್ಡ ಐಸ್ ಪೆಟ್ಟಿಗೆ, ಬಗಲಲ್ಲಿ ಮಡಚಿದ ಜಾಕೆಟ್. ಅಜ್ಜ, ಮಗ, ಮೊಮ್ಮಗಳು ಒಂದು ಕಡೆ. ಒಂದೇ ಕಾರ್ಖಾನೆಯಲ್ಲಿ ಕೆಲಸ ಮಾಡುವವರಂತೆ ಕಾಣುವ ಏಳೆಂಟು ಗಂಡಸರು ಇನ್ನೊಂದು ಕಡೆ. ವಿಯೆಟ್ನಾಮಿ ಕುಟುಂಬವೊಂದು ಅಡುಗೆಯನ್ನೇ ಕಟ್ಟಿಕೊಂಡು ಬಂದಿದೆ. ನಮ್ಮ ಗುಂಪಿನಲ್ಲಿ ಅಣ್ಣನ ಮಗ, ಅವನ ಹೆಂಡತಿ, ಒಂಬತ್ತು ವರ್ಷದ ಮಗಳು, ಹುಬ್ಬಳ್ಳಿ ಕಡೆಯ ಅವನ ಸ್ನೇಹಿತ, ಮತ್ತೆ ನಾನು. ಬೋಟಿನ ಕಟಕಟೆಗೆ ಉದ್ದಕ್ಕೂ ನಂಬರು ಹಾಕಿದ್ದಾರೆ. ನಿಮ್ಮ ನಂಬರಿನ ಜಾಗದಲ್ಲಿ ನೀವು ನಿಲ್ಲಬೇಕು. ಹಿಡಿದ ಮೀನಿಗೂ ಅದೇ ನಂಬರು.

ತಲೆಗೆ ನೂರು ಡಾಲರಿಗೂ ಮೇಲೆ. ಡೆಕ್ಕಿನ ಹುಡುಗರಿಗೆ ಕೊಡುವ ಭಕ್ಷೀಸು ಬೇರೆ. ಅವರ ಸಂಪಾದನೆಯ ದೊಡ್ಡ ಪಾಲು ಅದೇ ಅಂತೆ. ತಾಂಡೇಲನಿಗೂ ಕಲಾಸಿಗಳಿಗೂ ತಮ್ಮ ಪಾಲಿಗೆ ಒಂದು ಸ್ನ್ಯಾಪರ್ ಕೂಡ ಇಟ್ಟುಕೊಳ್ಳುವ ಹಕ್ಕಿಲ್ಲ. ಹವ್ಯಾಸಿ ಹಿಡಿದದ್ದನ್ನು ಯಾರೂ ಮಾರುವಂತಿಲ್ಲ. ಅಂಗಡಿಯಲ್ಲಿ ಕೊಂಡರೆ ಇದಕ್ಕಿಂತ ಅಗ್ಗ. ಹಾಗಾದರೆ ಇದು ತಿನ್ನುವುದಕ್ಕೂ ಅಲ್ಲ, ಮಾರುವುದಕ್ಕೂ ಅಲ್ಲ.

ಇನ್ನೂ ಆಶ್ಚರ್ಯದ ಸಂಗತಿ ಇದೆ. ಕೊಲ್ಲಿಯಲ್ಲಿ ವರ್ಷಕ್ಕೆ ಇಷ್ಟು ರೆಡ್ ಸ್ನ್ಯಾಪರ್ ಹಿಡಿಯಬಹುದು ಎಂದು ಒಟ್ಟು ತೂಕ ನಿಗದಿ ಮಾಡುತ್ತಾರೆ. ಅದರಲ್ಲಿ 51 ಪಾಲು ಕಸುಬಿನ ಮೀನುಗಾರರಿಗೆ, 49 ಪಾಲು ಹವ್ಯಾಸಿಗಳಿಗೆ. ಹೆಚ್ಚು ಕಡಿಮೆ ಅರ್ಧಕ್ಕರ್ಧ! ಮೀನು ಹಿಡಿಯುವುದೆಂದರೆ ಕಸುಬು ಎಂದಷ್ಟೇ ತಿಳಿದ ಊರಿನಿಂದ ಬಂದವನಿಗೆ ಇದು ಸುಲಭವಾಗಿ ಗಂಟಲಲ್ಲಿ ಇಳಿಯುವುದಿಲ್ಲ. ಆದರೆ ಸಾಲಿನಲ್ಲಿ ನಿಂತ ಆ ಏಳೆಂಟು ಗಂಡಸರ ಮುಖ ನೋಡಿದರೆ, ವರ್ಷವಿಡೀ ಇದೊಂದು ದಿನಕ್ಕೆ ದುಡ್ಡು ಕೂಡಿಟ್ಟವರ ಹಾಗೆ ಕಂಡರು. ಕಡಲು ಅವರದೂ ಹೌದಲ್ಲವೆ ಎಂಬ ಪ್ರಶ್ನೆಗೂ ನನ್ನಲ್ಲಿ ಉತ್ತರವಿಲ್ಲ.

*

ಬಾಳೆಹಣ್ಣು. ಅಣ್ಣನ ಮಗನ ಹೆಂಡತಿ ಮಗುವಿಗೆಂದು ಚೀಲದಲ್ಲಿ ಹಾಕಿಕೊಂಡಿದ್ದಳು. ಡೆಕ್ಕಿನ ಹುಡುಗ ಅದನ್ನು ನೋಡಿ, ಬೇಡಿಕೊಳ್ಳುವ ದನಿಯಲ್ಲಿ, ದಯವಿಟ್ಟು ಅದನ್ನು ಕಾರಿನಲ್ಲೇ ಇಟ್ಟು ಬನ್ನಿ ಎಂದ. ದೋಣಿಯಲ್ಲಿ ಬಾಳೆಹಣ್ಣು ಇದ್ದರೆ ಮೀನು ಸಿಗುವುದಿಲ್ಲ ಎಂಬ ನಂಬಿಕೆ ಆ ಕಡಲಿನಲ್ಲೆಲ್ಲ ಗಟ್ಟಿಯಾಗಿದೆ. ನಮ್ಮಲ್ಲಿ ದೋಣಿ ಇಳಿಸುವ ಪೂಜೆಗೆ ಬಾಳೆಹಣ್ಣು ಇಲ್ಲದೆ ಆಗುತ್ತದೆಯೇ? ಯಾವ ಕಡಲಿನವರಾದರೂ ದಡ ಬಿಡುವ ಮೊದಲು ಏನಾದರೊಂದಕ್ಕೆ ಹೆದರುತ್ತಾರೆ. ಹಣ್ಣನ್ನು ಕಾರಿನಲ್ಲಿಟ್ಟು ಬಂದೆವು.

*

ಒಂಬತ್ತು ಮೈಲಿಯ ಗೆರೆ. ನೀರಿನ ಮೇಲೆ ಏನೂ ಕಾಣುವುದಿಲ್ಲ, ಆದರೆ ಮೀನಿನ ಕಾನೂನು ಅಲ್ಲಿ ಬದಲಾಗುತ್ತದೆ. ದಡದಿಂದ ಒಂಬತ್ತು ನಾಟಿಕಲ್ ಮೈಲಿವರೆಗೆ ರಾಜ್ಯದ ನೀರು: ವರ್ಷವಿಡೀ ಹಿಡಿಯಬಹುದು, ತಲೆಗೆ ನಾಲ್ಕು, ಉದ್ದ 15 ಇಂಚು. ಅದರಾಚೆ ಕೇಂದ್ರದ ನೀರು: ತಲೆಗೆ ಎರಡು, 16 ಇಂಚು, ಅದೂ ಋತು ತೆರೆದಾಗ ಮಾತ್ರ. ಬೇರೆ ಹೆಚ್ಚಿನ ರಾಜ್ಯಗಳಿಗೆ ಮೂರೇ ಮೈಲಿ. ಟೆಕ್ಸಾಸಿಗೆ ಒಂಬತ್ತು ಹೇಗೆ? 1836ರಲ್ಲಿ ಟೆಕ್ಸಾಸ್ ಸ್ವತಂತ್ರ ಗಣರಾಜ್ಯವಾದಾಗ ತನ್ನ ಗಡಿ ಕಡಲೊಳಗೆ ಮೂರು ಲೀಗ್ ಎಂದು ಬರೆದುಕೊಂಡಿತ್ತು. ಆ ಹಳೆಯ ಹಕ್ಕನ್ನು 1960ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಕೋರ್ಟಿನ ಮುಂದಿದ್ದ ಜಗಳ ಕಡಲ ತಳದ ಎಣ್ಣೆಯದು. ಅದರ ಫಲ ಮೀನಿಗೂ ಅಂಟಿಕೊಂಡಿತು.

ಗೆರೆ ದಾಟಿದ್ದು ನಮಗೆ ಗೊತ್ತೂ ಆಗಲಿಲ್ಲ. ಮೊಬೈಲಿಗೆ ಸಿಗ್ನಲ್ ಹೋಯಿತು ಎಂದು ಹುಬ್ಬಳ್ಳಿಯ ಸ್ನೇಹಿತ ಎರಡು ಸಲ ಹೇಳಿದ. ಮೂರನೆಯ ಸಲ ಹೇಳುವ ಮೊದಲೇ ಅವನಿಗೆ ಹೊಟ್ಟೆ ತೊಳಸತೊಡಗಿತು. ದೂರದ ದಿಗಂತ ನೋಡುತ್ತಿರು, ಬೋಟಿನ ನಡುವೆ ನಿಲ್ಲು ಎಂದು ಒಬ್ಬ ಅಪರಿಚಿತ ಮುದುಕ ಬಂದು ಅವನ ಪಕ್ಕದಲ್ಲೇ ಅರ್ಧ ಗಂಟೆ ನಿಂತ. ಮಾತೇನೂ ಇಲ್ಲ. ಆ ಅರ್ಧ ಗಂಟೆ ಅವನ ಸ್ವಂತ ಗಾಳ ಖಾಲಿ ನಿಂತಿತ್ತು.

*

ಮೀನು ಎಲ್ಲಿರುತ್ತದೆ ಎಂದು ತಿಳಿದಾಗ ಮತ್ತೊಂದು ಗೊಂದಲ. ಟೆಕ್ಸಾಸಿನ ಎದುರಿನ ಕಡಲು ಬಹಳ ದೂರದವರೆಗೆ ಆಳವಿಲ್ಲ. ಐವತ್ತು ಮೈಲಿ ಹೋದರೂ ಮೂವತ್ತು ಮೀಟರಿನ ಆಸುಪಾಸು. ತಳವೆಲ್ಲ ಹೆಚ್ಚಾಗಿ ಕೆಸರು. ರೆಡ್ ಸ್ನ್ಯಾಪರಿಗೆ ಬೇಕಾದದ್ದು ಗಟ್ಟಿ ಆಸರೆ. ಹಾಗಾಗಿ ಅದು ಎಣ್ಣೆ ಬಾವಿಗಳ ಉಕ್ಕಿನ ಕಾಲುಗಳ ಸುತ್ತ ಸೇರುತ್ತದೆ. ಒಂದು ಕಾಲಕ್ಕೆ ಈ ಕೊಲ್ಲಿಯಲ್ಲಿ ಅಂಥ ನಾಲ್ಕು ಸಾವಿರದಷ್ಟು ಕಟ್ಟೆಗಳಿದ್ದವು. ಎಣ್ಣೆ ಮುಗಿದ ಮೇಲೆ ಕಿತ್ತು ಒಯ್ಯಬೇಕಾದ ಉಕ್ಕನ್ನು ಅಲ್ಲೇ ಮಲಗಿಸಿ ಮೀನಿನ ಮನೆ ಮಾಡುವ ಯೋಜನೆ ಲೂಸಿಯಾನಾದಲ್ಲಿ 1986ರಲ್ಲಿ, ಟೆಕ್ಸಾಸಿನಲ್ಲಿ 1990ರಲ್ಲಿ ಬಂತು. ಅದಕ್ಕೂ ಮೊದಲು, 1970ರ ದಶಕದಲ್ಲಿ, ಎರಡನೇ ಮಹಾಯುದ್ಧದ 12 ಸರಕು ಹಡಗುಗಳನ್ನು ಟೆಕ್ಸಾಸಿನವರು ಬೇಕೆಂದೇ ಮುಳುಗಿಸಿದ್ದರು.

ಈ ಉಕ್ಕು ಮೀನನ್ನು ಹೆಚ್ಚು ಮಾಡುತ್ತದೆಯೋ ಅಥವಾ ಇದ್ದ ಮೀನನ್ನು ಒಂದೆಡೆ ಸೇರಿಸಿ ನಮ್ಮ ಗಾಳಕ್ಕೆ ಒಪ್ಪಿಸುತ್ತದೆಯೋ? ವಿಜ್ಞಾನಿಗಳು ದಶಕಗಳಿಂದ ಇದೇ ವಾದದಲ್ಲಿದ್ದಾರೆ. ಎರಡೂ ನಿಜ ಎಂದು ನನಗೆ ತೋರುತ್ತದೆ. ಕಟ್ಟೆಯ ಸುತ್ತ ಸೇರಿದ ನಮ್ಮಂಥ ಬೋಟುಗಳನ್ನು ನೋಡಿದಾಗ ಎರಡನೆಯದೇ ಸ್ವಲ್ಪ ಹೆಚ್ಚು ನಿಜ ಅನಿಸಿತು.

*

ಗಾಳ. ಚಿಕ್ಕಂದಿನಲ್ಲಿ ಹೊಳೆಬದಿಯಲ್ಲಿ ಕಲಿತದ್ದು ಒಂದೇ ಪಾಠ: ಎಳೆದ ಕೂಡಲೇ ಚಿಮ್ಮಿಸು. ಇಲ್ಲಿ ಅದು ನಡೆಯುವುದಿಲ್ಲ. ಬೊಂಡಾಸದ ತುಂಡು ಚುಚ್ಚಿದ ಕೊಕ್ಕೆಯ ತುದಿ ಒಳಕ್ಕೆ ಬಾಗಿ, ಕೊಕ್ಕೆಯೇ ಹೆಚ್ಚುಕಮ್ಮಿ ವೃತ್ತವಾಗಿರುತ್ತದೆ. ಮೀನು ಕಚ್ಚಿದಾಗ ಚಿಮ್ಮಿಸಿದರೆ ಬಾಯಿಂದ ಜಾರಿ ಬರುತ್ತದೆ. ಏನೂ ಮಾಡದೆ ನಿಧಾನಕ್ಕೆ ರೀಲು ಸುತ್ತಿದರೆ ತಾನಾಗಿ ಬಾಯಿಯ ಮೂಲೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಹೊಟ್ಟೆಗೆ ಇಳಿಯುವುದು ಅಪರೂಪ; ಬಿಟ್ಟ ಮೀನು ಬದುಕುವ ಸಾಧ್ಯತೆ ಹೆಚ್ಚು. 2008ರ ಜೂನ್ 1ರಿಂದ ಈ ಕೊಲ್ಲಿಯಲ್ಲಿ ಬಂಡೆಮೀನುಗಳಿಗೆ ಎರೆ ಹಾಕುವವರಿಗೆ ಈ ಕೊಕ್ಕೆಯೇ ಕಡ್ಡಾಯ.

ಒಂಬತ್ತು ವರ್ಷದ ಹುಡುಗಿಗೆ ಇದು ತಕ್ಷಣ ಕೈಹತ್ತಿತು. ಅವಳಿಗೆ ಚಿಮ್ಮಿಸುವ ಅಭ್ಯಾಸವೇ ಇಲ್ಲ. ಕೋಲನ್ನು ಕಟಕಟೆಗೆ ಒರಗಿಸಿಕೊಂಡು, ತುಟಿ ಕಚ್ಚಿ, ಒಂದೊಂದೇ ಸುತ್ತು ಸುತ್ತಿದಳು. ಕೆಳಗೆ ಮೊದಲು ಬೂದು ನೆರಳು, ಮೇಲೆ ಬಂದಂತೆ ಕಂದು, ನೀರಿನಿಂದ ಹೊರಬಂದಾಗ ದಾಸವಾಳದ ಕೆಂಪು. ಕೆಂಪು ಬೆಳಕು ನೀರಿನಲ್ಲಿ ಕೆಲವೇ ಮೀಟರು ಇಳಿಯುತ್ತದೆ. ಮೂವತ್ತು ಮೀಟರಿನ ಆಳದಲ್ಲಿ ಈ ಮೀನಿನ ಬಣ್ಣ ಇನ್ನೊಂದು ಮೀನಿಗೆ ಕಾಣಿಸುವುದೇ ಇಲ್ಲ. ಅಲ್ಲಿ ಅಡಗಿಕೊಳ್ಳಲು ಬೇಕಾದ ಬಣ್ಣ ಇಲ್ಲಿ, ನಮ್ಮ ಕಣ್ಣಿಗೆ, ಇಡೀ ಡೆಕ್ಕಿನಲ್ಲಿ ಎದ್ದು ಕಾಣುವ ಬಣ್ಣ.

ಅವಳಿಗೆ ಎರಡು ಆಯಿತು. ಅವಳ ಅಪ್ಪನಿಗೂ ಎರಡು ಆಯಿತು.

*

ಆಮೇಲೆ ಮೂರನೆಯದು ಬಂತು. ನಾನು ಬಗೆಹರಿಯದೆ ತಲೆ ಕೆಡಿಸಿಕೊಂಡದ್ದು ಇದರ ವಿಷಯದಲ್ಲೇ.

ಲೆಕ್ಕ ಮುಗಿಯಿತು ಎಂದು ಮೀನಿಗೆ ಗೊತ್ತಿಲ್ಲ. ಬೇರೆ ಜಾತಿಯ ಮೀನಿಗೆಂದು ಗಾಳ ಬಿಟ್ಟರೂ ಸ್ನ್ಯಾಪರೇ ಬಂದು ಕಚ್ಚುತ್ತದೆ. ಮೇಲೆ ಬಂದ ಮೀನಿನ ಬಾಯಿಂದ ಏನೋ ಗುಲಾಬಿ ಬಣ್ಣದ ಗುಳ್ಳೆ ಹೊರಗೆ ಉಬ್ಬಿತ್ತು, ಕಣ್ಣುಗುಡ್ಡೆಗಳು ಮುಂದೆ ಚಾಚಿಕೊಂಡಿದ್ದವು.

"ಅಜ್ಜ, ಅದು ನಾಲಿಗೆಯಾ?"

ಅಲ್ಲ ಮಗಾ, ಹೊಟ್ಟೆ. ಮೀನಿನ ಒಡಲಲ್ಲಿ ತೇಲಲು ಒಂದು ಗಾಳಿಚೀಲ ಇರುತ್ತದೆ. ಹತ್ತು ಮೀಟರು ನೀರಿಗೆ ಒಂದು ವಾತಾವರಣದಷ್ಟು ಒತ್ತಡ ಏರುತ್ತದೆ. ಮೂವತ್ತು ಮೀಟರಿನಲ್ಲಿ ನಾಲ್ಕು ಪಟ್ಟು. ಅಲ್ಲಿಂದ ಒಂದೆರಡು ನಿಮಿಷದಲ್ಲಿ ಮೇಲೆ ಎಳೆದರೆ ಒಳಗಿನ ಗಾಳಿ ನಾಲ್ಕು ಪಟ್ಟು ಹಿಗ್ಗುತ್ತದೆ, ಹೊಟ್ಟೆಯನ್ನು ಬಾಯಿಯಿಂದ ಹೊರಗೆ ತಳ್ಳುತ್ತದೆ. ಅದನ್ನು ಹಾಗೇ ನೀರಿಗೆ ಎಸೆದರೆ ಮುಳುಗಲಾರದೆ ಮೇಲೆ ತೇಲುತ್ತ ಒದ್ದಾಡುತ್ತದೆ. ನಮ್ಮ ಹಿಂದೆಯೇ ಎರಡು ಡಾಲ್ಫಿನ್‌ಗಳು ಸುತ್ತುತ್ತಿದ್ದವು. ನೋಡಲು ಚೆಂದ ಎಂದು ಜನ ಫೋಟೊ ತೆಗೆಯುತ್ತಿದ್ದರು. ಅವು ಕಾದದ್ದು ಇಂಥ ತೇಲುವ ಮೀನಿಗಾಗಿ. ಬೋಟಿನ ಸದ್ದು ಕೇಳಿದರೆ ಊಟ ಬಂತು ಎಂದು ಅವುಗಳಿಗೆ ಗೊತ್ತಾಗಿಬಿಟ್ಟಿದೆ. ಶಾರ್ಕುಗಳಿಗೂ ಅಷ್ಟೇ.

ಪಕ್ಕದ ನಂಬರಿನಲ್ಲಿ ನಿಂತವನು, ಮನಸ್ಸು ಒಳ್ಳೆಯದೇ, ಚಾಕುವಿನ ಮೊನೆಯಿಂದ ಆ ಗುಲಾಬಿ ಗುಳ್ಳೆಯನ್ನು ಚುಚ್ಚಲು ಹೋದ. ಡೆಕ್ಕಿನ ಹುಡುಗ ಓಡಿ ಬಂದು ಕೈ ಹಿಡಿದ. ಅದು ಗಾಳಿಚೀಲವಲ್ಲ, ಹೊಟ್ಟೆ; ಚುಚ್ಚಿದರೆ ಮೀನು ಸಾಯುತ್ತದೆ. ಆಮೇಲೆ ಅವನು ಮಾಡಿದ್ದನ್ನು ನಾನು ಹತ್ತಿರ ನಿಂತು ನೋಡಿದೆ. ಬಟ್ಟೆ ಒಣಹಾಕುವ ಕ್ಲಿಪ್ಪಿನಂತೆ ಬಾಯಿ ತೆರೆಯುವ ಒಂದು ಇಕ್ಕಳ. ಅದನ್ನು ಮೀನಿನ ಕೆಳದವಡೆಗೆ ಕಚ್ಚಿಸಿದ. ಕೆಳಗೆ ಸೀಸದ ಭಾರ, ಮೇಲೆ ದಾರ. ಬೇಕಾದ ಆಳಕ್ಕೆ ಮೊದಲೇ ತಿರುಗಿಸಿ ಇಡುವ ಒಂದು ಬಿಲ್ಲೆ ಅದರ ಮೇಲಿದೆ. ಮೀನನ್ನು ಕಟಕಟೆಯಾಚೆ ಬಿಟ್ಟ. ದಾರ ಸರಸರ ಇಳಿಯಿತು. ಆ ಆಳದ ಒತ್ತಡ ತಾಗಿದಾಗ ಇಕ್ಕಳ ತಾನಾಗಿ ಬಾಯಿ ಬಿಡುತ್ತದೆ. ಹಿಗ್ಗಿದ ಗಾಳಿ ಅಷ್ಟರಲ್ಲಿ ಕುಗ್ಗಿರುತ್ತದೆ, ಮೀನು ತನ್ನ ಕಟ್ಟೆಯ ಕಡೆ ಹೋಗುತ್ತದೆ. ದಾರ ಸಡಿಲಾಯಿತು. ಖಾಲಿ ಇಕ್ಕಳ ಮೇಲೆ ಬಂತು. ಇಡೀ ಕೆಲಸಕ್ಕೆ ಒಂದು ನಿಮಿಷವೂ ಹಿಡಿಯಲಿಲ್ಲ.

ಆದರೆ ಇಡೀ ಬೋಟಿಗೆ ಇದ್ದದ್ದು ಅಂಥ ಒಂದೆರಡು ಸಾಧನ. ಕಟಕಟೆಯುದ್ದಕ್ಕೂ ಜನ, ಒಂದೇ ಹೊತ್ತಿಗೆ ಹತ್ತಾರು ಗಾಳಕ್ಕೆ ಮೀನು. ಹುಡುಗರು ಎಷ್ಟು ಓಡಿಯಾರು? ಅಳತೆಪಟ್ಟಿಯಲ್ಲಿ ಹದಿನೈದೂವರೆ ಇಂಚು ಬಂದ ಮೀನುಗಳು, ಮೂರನೆಯವು, ನಾಲ್ಕನೆಯವು, ಕೈಯಿಂದ ನೇರ ನೀರಿಗೆ ಹೋದವು. ಕೆಲವು ಬಾಲ ಬಡಿದು ಇಳಿದವು. ಕೆಲವು ಇಳಿಯಲಿಲ್ಲ. ಹಿಂದೆ ಡಾಲ್ಫಿನ್.

ಕಾನೂನು ಈ ವಿಷಯದಲ್ಲಿ ಹಿಂದೆ ಮುಂದೆ ಓಲಾಡಿದೆ. 2008ರಲ್ಲಿ ಗಾಳಿಚೀಲಕ್ಕೆ ಪಕ್ಕೆಯಿಂದ ತೂತು ಮಾಡುವ ಪೊಳ್ಳು ಸೂಜಿ ಬೋಟಿನಲ್ಲಿ ಇರಲೇಬೇಕು ಎಂದರು. 2013ರಲ್ಲಿ ಬೇಡ ಎಂದರು. 2022ರ ಜನವರಿಯಲ್ಲಿ ಜಾರಿಗೆ ಬಂದ ಕಾಯ್ದೆಯಲ್ಲಿ ಸೂಜಿಯಾದರೂ ಇರಲಿ, ಆಳಕ್ಕಿಳಿಸುವ ಸಾಧನವಾದರೂ ಇರಲಿ, ಗಾಳ ನೀರಿನಲ್ಲಿರುವಾಗ ಅದು ಸಿದ್ಧವಾಗಿ ಕೈಗೆ ಸಿಗುವಂತಿರಲಿ ಎಂದರು. ಕೈಗೆ ಸಿಗುವಂತಿದ್ದರೆ ಸಾಕೆ? ತೆಗೆದುಕೊಳ್ಳುವ ಕೈ ಬೇಕು. ಡೆಕ್ಕಿನ ಆ ಹುಡುಗನ ಮುಖದಲ್ಲಿ ಬೆವರು ಸುರಿಯುತ್ತಿತ್ತು, ಆದರೂ ಕರೆದ ಕಡೆಗೆಲ್ಲ ಹೋಗುತ್ತಿದ್ದ. ಕರೆದವರು ಕಡಿಮೆ.

*

ತಲೆಗೆ ಎರಡೇ ಮೀನು ಎಂಬ ಈ ಲೆಕ್ಕ ಎಲ್ಲಿಂದ ಬಂತು? ಹುಡುಕಿ ಓದಿದ್ದನ್ನು ಇಲ್ಲಿ ಬರೆದಿಡುತ್ತೇನೆ. ರೆಡ್ ಸ್ನ್ಯಾಪರ್ ಐವತ್ತು ವರ್ಷಕ್ಕೂ ಹೆಚ್ಚು ಬದುಕಬಲ್ಲ ಮೀನು. ದೊಡ್ಡ ಹೆಣ್ಣು ಮೀನು ಒಂದು ಇಡುವಷ್ಟು ಮೊಟ್ಟೆ ಇಡಲು ಅಳತೆಗೆ ಬಂದ ಚಿಕ್ಕ ಹೆಣ್ಣು ಮೀನುಗಳು ಇನ್ನೂರಕ್ಕೂ ಮೇಲೆ ಬೇಕು. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಇದರ ಸಂತತಿ ಬಹಳ ಇಳಿದುಹೋಗಿತ್ತು. ಗಾಳವೊಂದೇ ಕಾರಣವಲ್ಲ, ಸಿಗಡಿ ಹಿಡಿಯುವ ಟ್ರಾಲ್ ಬಲೆಗಳಲ್ಲಿ ಬೆರಳುದ್ದದ ಮರಿಗಳು ರಾಶಿ ರಾಶಿ ಸಾಯುತ್ತಿದ್ದವು. 1998ರಿಂದ ಆ ಬಲೆಗಳಿಗೆ ಮರಿ ತಪ್ಪಿಸಿಕೊಳ್ಳುವ ಕಿಂಡಿ ಕಡ್ಡಾಯವಾಯಿತು. ನಮ್ಮ ಟ್ರಾಲ್ ಬೋಟುಗಳು ತರುವ ಮರಿಮೀನಿನ ರಾಶಿ ಫಿಶ್‌ಮೀಲ್ ಕಾರ್ಖಾನೆಗೆ ಲಾರಿಯಲ್ಲಿ ಹೋಗುವುದನ್ನು ಕಂಡವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಮೀನು ಚೇತರಿಸಿಕೊಂಡ ಹಾಗೆ ಒಂದು ಎಡವಟ್ಟು. ಮೀನು ಹೆಚ್ಚಿದಷ್ಟೂ ಬೇಗ ಬೇಗ ಸಿಗುತ್ತದೆ, ದೊಡ್ಡದೂ ಸಿಗುತ್ತದೆ, ನಿಗದಿಯಾದ ತೂಕ ಬೇಗ ತುಂಬುತ್ತದೆ, ಋತು ಮೊಟಕಾಗುತ್ತದೆ. 2014ರಲ್ಲಿ ಕೇಂದ್ರದ ನೀರಿನಲ್ಲಿ ಒಂಬತ್ತು ದಿನ ಮಾತ್ರ ಬಿಟ್ಟರು. 2017ರಲ್ಲಿ ಸ್ವಂತ ದೋಣಿಯವರಿಗೆ ಮೊದಲು ಘೋಷಿಸಿದ್ದು ಮೂರೇ ದಿನ! ಜನ ಸಿಟ್ಟಾದರು, ಸರ್ಕಾರ ಇನ್ನೂ 39 ದಿನ ಸೇರಿಸಿತು. ಮುಂದೆ ಸ್ವಂತ ದೋಣಿಯವರ ಋತು ನಿಗದಿ ಮಾಡುವ ಅಧಿಕಾರವನ್ನು ಕೊಲ್ಲಿಯ ಐದು ರಾಜ್ಯಗಳಿಗೆ ಬಿಟ್ಟರು. ಅಷ್ಟರಲ್ಲಿ ಸಂಸತ್ತು ಹಣ ಕೊಟ್ಟು ಸ್ವತಂತ್ರವಾಗಿ ಮೀನು ಎಣಿಸಲು ಹೇಳಿತು. ಟೆಕ್ಸಾಸಿನ ಹಾರ್ಟ್ ಸಂಶೋಧನಾ ಸಂಸ್ಥೆಯ ಮುಂದಾಳುತನದಲ್ಲಿ ನಡೆದ ಆ ಎಣಿಕೆಯ ಮೊದಲ ಅಂದಾಜು ಸುಮಾರು 11 ಕೋಟಿ ಮೀನು. ಸರ್ಕಾರ ಅಲ್ಲಿಯವರೆಗೆ ತಿಳಿದದ್ದರ ಮೂರು ಪಟ್ಟು. ಬಹುಪಾಲು ಇದ್ದದ್ದು ಉಕ್ಕಿನ ಕಟ್ಟೆಗಳ ಬಳಿಯಲ್ಲ, ಯಾರೂ ಗಾಳ ಹಾಕದ ಬಯಲು ತಳದಲ್ಲಿ ಚದುರಿಕೊಂಡು.

ಆ ಸುದ್ದಿ ಕೇಳಿ ಎಷ್ಟೋ ಜನ ಹಾಗಾದರೆ ಎರಡು ಯಾಕೆ, ಇನ್ನಷ್ಟು ಕೊಡಿ ಎಂದರಂತೆ. ನನಗೆ ಹಾಗೆ ಅನಿಸುವುದಿಲ್ಲ. ಎರಡು ಸಾಕು. ಎರಡು ಮೀನಿನಿಂದ ಒಂದು ಮನೆಯ ಊಟ ಆಗುತ್ತದೆ. ಲೆಕ್ಕ ತಪ್ಪುತ್ತಿರುವುದು ಎರಡರ ನಂತರ.

*

ಮತ್ತೆ ದಡ. ಹಿಡಿದ ಮೀನು ಹೆಚ್ಚುವ ಮೇಜಿನ ಸುತ್ತ ಪೆಲಿಕನ್‌ಗಳು. ಹುಡುಗರ ಚಾಕು ಒಂದು ಮೀನಿಗೆ ಎರಡು ಗೀರು. ಎರಡೂ ಪಕ್ಕೆಯ ಮಾಂಸ ಚೀಲಕ್ಕೆ, ತಲೆ, ಮುಳ್ಳು, ಗಂಟಲು ತೊಟ್ಟಿಗೆ. ನಮ್ಮೂರಿನಲ್ಲಾದರೆ ತಲೆಗಾಗಿ ಮನೆಯಲ್ಲಿ ಜಗಳ. ವಿಯೆಟ್ನಾಮಿ ಅಜ್ಜಿ ಮೇಜಿನ ಹತ್ತಿರ ಬಂದು ತಲೆಗಳನ್ನು ತೋರಿಸಿ ಕೈಯೊಡ್ಡಿದಳು. 1975ರ ನಂತರ ಈ ತೀರಕ್ಕೆ ಬಂದು ಸಿಗಡಿ ದೋಣಿ ನಡೆಸಿದ ಸಾವಿರಾರು ಕುಟುಂಬಗಳಲ್ಲಿ ಅವಳದೂ ಒಂದಿರಬಹುದು. ಅಣ್ಣನ ಮಗನ ಹೆಂಡತಿಯೂ ಹೋಗಿ ಕೇಳಿದಳು. ಕೊಟ್ಟರು. ಅಜ್ಜಿ ಒಂದು ತಲೆಯ ಕೆಳಗಿನ ಗಂಟಲಿನ ಭಾಗವನ್ನು ಬೆರಳಿನಿಂದ ಒತ್ತಿ ತೋರಿಸಿ, ಇದು ಎಲ್ಲಕ್ಕಿಂತ ಒಳ್ಳೆಯದು ಎಂಬಂತೆ ತಲೆಯಾಡಿಸಿದಳು. ಸತ್ಯವೇ. ಬ್ಯಾಡಗಿ ಮೆಣಸು, ತೆಂಗಿನಕಾಯಿ, ಹುಣಸೆ ಹಾಕಿ ಅರೆದ ಸಾರಿನಲ್ಲಿ ಮೊದಲು ಮುಗಿದದ್ದು ಆ ಗಂಟಲು.

ಊಟದ ಹೊತ್ತಿಗೆ ಹುಡುಗಿ ಹೇಳಿದ್ದು ತನ್ನ ಎರಡು ಮೀನಿನ ಮಾತಲ್ಲ. "ಮೂರನೇದು ಕೆಳಗೆ ಹೋಗಿ ಬಾಯಿ ಬಿಡ್ತಲ್ಲ, ಆಮೇಲೆ ಅದು ಎಲ್ಲಿಗೆ ಹೋಯ್ತು ಅಜ್ಜ?" ಎಂದು ಕೇಳಿದಳು. ಐವತ್ತು ಮೈಲಿ ಯಾಕೆ ಹೋಗುತ್ತಾರೆ ಎಂಬ ನನ್ನ ಪ್ರಶ್ನೆಗೆ ಈ ಪ್ರಶ್ನೆಗಿಂತ ಒಳ್ಳೆಯ ಉತ್ತರ ಯಾರೂ ಕೊಟ್ಟಿಲ್ಲ. ಕಡಲನ್ನು ದಡದಿಂದ ನೋಡಿದ ಮಕ್ಕಳಿಗೆ ಈ ಪ್ರಶ್ನೆ ಹುಟ್ಟುವುದಿಲ್ಲ.

*

ನಮ್ಮ ಕರಾವಳಿಯಲ್ಲೂ ಮಾರ್ಚ್, ಏಪ್ರಿಲ್‌ನ ಶಾಂತ ಕಡಲಿಗೆ ಗೆಳೆಯರು, ಮನೆಯವರು ಸೇರಿಕೊಂಡು ಗಾಳ ಹಿಡಿದು ಹೋಗುವವರು ಈಗ ಕಾಣಸಿಗುತ್ತಾರೆ. ಬಂಡೆಗಳ ಸುತ್ತ ಮುರು, ಕೆಂಬೇರಿ ಸಿಕ್ಕಿದ ಫೋಟೊಗಳು ನನಗೂ ಬರುತ್ತವೆ. ಆಳದಿಂದ ಎಳೆದ ಮುರು ಮೀನಿನ ಗಾಳಿಚೀಲವೂ ಅದೇ ಲೆಕ್ಕದಲ್ಲಿ ಹಿಗ್ಗುತ್ತದೆ. ಹೋಗುವವರಲ್ಲಿ ನನ್ನದೊಂದು ಕೋರಿಕೆ. ಎಷ್ಟು ಮೀನು ಬೇಕೆಂದು ದಡದಲ್ಲೇ ತೀರ್ಮಾನಿಸಿ ಹೊರಡಿ. ಅಷ್ಟು ಸಿಕ್ಕ ಮೇಲೆ ಅದೇ ಬಂಡೆಯ ಮೇಲೆ ಗಾಳ ಬಿಡಬೇಡಿ. ಒಳಬಾಗಿದ ಕೊಕ್ಕೆ ಬಳಸಿ. ಇಕ್ಕಳದ ಸಾಧನ ಸಿಗದಿದ್ದರೆ, ಮುಳ್ಳು ತೆಗೆದ ದೊಡ್ಡ ಕೊಕ್ಕೆಯೊಂದಕ್ಕೆ ಸೀಸದ ಭಾರ ಕಟ್ಟಿ, ಮೀನಿನ ತುಟಿಗೆ ತಲೆಕೆಳಗಾಗಿ ಸಿಕ್ಕಿಸಿ ಆಳಕ್ಕಿಳಿಸಿ; ತಳದಲ್ಲಿ ದಾರವನ್ನು ಒಮ್ಮೆ ಜಗ್ಗಿದರೆ ಅದು ಬಿಡಿಸಿಕೊಳ್ಳುತ್ತದೆ. ಟೆಕ್ಸಾಸ್, ಫ್ಲಾರಿಡಾಗಳಲ್ಲಿ ಜೂನ್ ತಿಂಗಳ ಟಿಕೆಟ್ ತೆಗೆಯುವ ಕನ್ನಡದ ಮನೆಯವರು ಬೋಟಿನವರಿಗೆ ಫೋನ್ ಮಾಡಿದಾಗ ಇನ್ನೊಂದು ಮಾತು ಕೇಳಿ: ಬಿಡುವ ಮೀನನ್ನು ಕೆಳಗಿಳಿಸುವ ಸಾಧನ ನಿಮ್ಮಲ್ಲಿ ಎಷ್ಟಿದೆ, ಅದನ್ನು ಹಿಡಿದು ನಿಲ್ಲುವವರು ಯಾರು? ಉತ್ತರ ಸರಿಯಾಗಿ ಬಾರದಿದ್ದರೆ ಬೇರೆ ಬೋಟು ನೋಡಿ.